ಲೋಡರ್ ಪಿನ್ನಿಗೆ ಒಂದು ಗ್ರೀಸ್, ಗಾಲಿ ಬೇರಿಂಗಿಗೆ ಇನ್ನೊಂದು

ಲೋಡರ್ (ಬಕೆಟ್ ಎತ್ತುವ ತೋಳು) ಕಟ್ಟಿದ ನನ್ನ ಟ್ರ್ಯಾಕ್ಟರಿನ ಗಂಟೆ ಮೀಟರ್ 3,412. ಬಕೆಟ್ ತುಂಬ ಗೊಬ್ಬರ ಎತ್ತಿ ಮಗುಚುವಾಗ ಬಲಗಡೆಯ ಕೆಳಗಿನ ಕೀಲಿನ ಪಿನ್ನಿನಿಂದ ಕಿರ್ರ್ ಎಂದು ಶುರುವಾಗಿ ಟಕ್ ಎಂದು ನಿಲ್ಲುವ ಸದ್ದು ಬರತೊಡಗಿ ವಾರವಾಗಿತ್ತು. ಬಕೆಟ್ಟನ್ನು ನೆಲಕ್ಕೆ ತಾಗಿಸಿ, ಸಂದಿಗೆ ಹಾರೆ ಕೊಟ್ಟು ಮೀಟಿದರೆ ಪಿನ್ನಿನಲ್ಲಿ ಸುಮಾರು 3 ಮಿ.ಮೀ. ಆಟ ಕಣ್ಣಿಗೇ ಕಾಣುತ್ತಿತ್ತು. ಈ ಪಿನ್ನಿಗೆ ನಾನು ಗ್ರೀಸ್ ಹೊಡೆಯುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಪ್ರತಿ 10 ಗಂಟೆಗೊಮ್ಮೆ, ಅಂಚಿನಲ್ಲಿ ಹೊಸ ಗ್ರೀಸ್ ಉಕ್ಕುವವರೆಗೆ. ಹಾಗಿದ್ದೂ ಪಿನ್ನು ಸವೆದದ್ದು ಹೇಗೆ ಎಂಬ ಪ್ರಶ್ನೆಯಿಂದಲೇ ಈ ಕೆಲಸ ಶುರುವಾಯಿತು.

ಬಿಚ್ಚುವ ಮೊದಲು ಬಕೆಟ್ಟನ್ನು ಪೂರ್ತಿ ನೆಲಕ್ಕೆ ಇಳಿಸಿ ಎಂಜಿನ್ ನಿಲ್ಲಿಸಿದೆ. ಲಿವರನ್ನು ಎರಡೂ ಕಡೆ ಆಡಿಸಿ ಹೈಡ್ರಾಲಿಕ್ ಒತ್ತಡ ಇಳಿಸಿದೆ. ಲೋಡರ್ ತೋಳುಗಳ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟೆ. ಬರೀ ಹೈಡ್ರಾಲಿಕ್ ನಂಬಿ ತೋಳಿನ ಕೆಳಗೆ ಯಾರೂ ತಲೆ ಹಾಕಬಾರದು. ಪಿನ್ನು ತಿರುಗದಂತೆ ಹಿಡಿದಿದ್ದ ಬೋಲ್ಟ್ ಸಲೀಸಾಗಿ ಬಂತು, ಪಿನ್ನು ಬರಲಿಲ್ಲ. ಹಿತ್ತಾಳೆ ತುಂಡೊಂದನ್ನು ನಡುವೆ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಹದ ಹಾಕಿದ ಉಕ್ಕಿನ ಮೇಲೆ ನೇರವಾಗಿ ಸುತ್ತಿಗೆ ಬಿದ್ದರೆ ಚೂರು ಸಿಡಿದು ಕಣ್ಣಿಗೆ ಹೋಗುತ್ತದೆ, ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಅರ್ಧ ಗಂಟೆ ಹಿಡಿಯಿತು.

ಪಿನ್ನು ಹೊರಗೆ ಬಂದಾಗ ಉತ್ತರದ ಅರ್ಧ ಸಿಕ್ಕಿತು. ಅದರ ಹೊರಗಿನ ಅರ್ಧಭಾಗ ಗ್ರೀಸಿನಲ್ಲಿ ಮಿನುಗುತ್ತಿತ್ತು. ಒಳಗಿನ ಅರ್ಧ ಒಣಗಿ ಕಂದು ಪುಡಿ ಹಿಡಿದಿತ್ತು, ಭಾರ ಬೀಳುವ ಕಡೆ ಉದ್ದುದ್ದ ಗೀರು. ವರ್ನಿಯರ್ ಇಟ್ಟು ನೋಡಿದೆ: ಇರಬೇಕಾದದ್ದು 45 ಮಿ.ಮೀ., ಒಳಗಿನ ತುದಿಯಲ್ಲಿ ಉಳಿದದ್ದು 43.4. ಪಿನ್ನು ತೂರುವ ಲೋಹದ ಬಳೆ, ಅಂದರೆ ಬುಷ್ಷಿನ ತೂತು ಮೊಟ್ಟೆಯಾಕಾರವಾಗಿ ಉದ್ದಕ್ಕೆ 46.8 ಆಗಿತ್ತು. ಬುಷ್ಷಿನ ಒಳಮೈಯಲ್ಲಿ ಗ್ರೀಸ್ ಹರಿಯಲೆಂದು ಕೊರೆದ ತೋಡಿನಲ್ಲಿ ಮೇಣದಂಥ ಗಟ್ಟಿ ಗಸಿ ತುಂಬಿಕೊಂಡಿತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು.

ಅಂದರೆ ನಾನು ಹೊಡೆದ ಗ್ರೀಸ್ ಸುಲಭದ ದಾರಿ ಹಿಡಿದು ಒಂದೇ ಕಡೆಯಿಂದ ಹೊರಗೆ ಬರುತ್ತಿತ್ತು. ಇನ್ನೊಂದು ಕಡೆಗೆ ತಿಂಗಳುಗಟ್ಟಲೆ ಒಂದು ತೊಟ್ಟೂ ಹೋಗಿರಲಿಲ್ಲ. ಅಂಚಿನಲ್ಲಿ ಹೊಸ ಗ್ರೀಸ್ ಕಂಡರೆ ಒಳಗೆಲ್ಲ ತುಂಬಿದೆ ಎಂದು ನಂಬಿದ್ದೆ. ಎರಡೂ ಅಂಚುಗಳಲ್ಲಿ ಕಾಣಬೇಕು ಎಂಬುದನ್ನು ಈಗ ಕಲಿತೆ.

ಗಸಿ ಎಲ್ಲಿಂದ ಬಂತು? ಶೆಡ್ಡಿನ ಮೂಲೆಯಲ್ಲಿ ಹಳೆಯ ಗ್ರೀಸ್ ಡಬ್ಬಿ ಇತ್ತು. ಚೀಟಿ ಓದಿದರೆ ಪಾಲಿಯೂರಿಯಾ ಜಾತಿಯ ಗ್ರೀಸ್. ಅದು ಮುಗಿದ ಮೇಲೆ ತಂದದ್ದು ಇನ್ನೊಂದು ಜಾತಿ, ಲಿಥಿಯಂ ಕಾಂಪ್ಲೆಕ್ಸ್. ಎರಡೂ ಕೆಂಪು. ಬಣ್ಣ ಒಂದೇ ಎಂದು ಅದೇ ಗ್ರೀಸ್ ಗನ್ನಿಗೆ ತುಂಬಿ, ಅದೇ ಪಿನ್ನುಗಳಿಗೆ ಹೊಡೆದಿದ್ದೆ. ಗ್ರೀಸಿನ ಬಣ್ಣ ತಯಾರಕರು ಹಾಕುವ ಬಣ್ಣ, ಅಷ್ಟೆ. ಕೆಂಪು, ನೀಲಿ, ಹಸಿರು ನೋಡಿ ಒಳಗೆ ಏನಿದೆ ಎಂದು ಹೇಳಲು ಬರುವುದಿಲ್ಲ. ಕಪ್ಪಾಗಿದ್ದರೆ ಮಾತ್ರ ಜಾರಿಸುವ ಕಪ್ಪು ಪುಡಿಗಳಾದ ಮಾಲಿಬ್ಡಿನಂ ಡೈಸಲ್ಫೈಡ್ ಅಥವಾ ಗ್ರಾಫೈಟ್ ಇರಬಹುದೆಂದು ಊಹಿಸಬಹುದು, ಅದನ್ನೂ ಚೀಟಿ ಓದಿಯೇ ಖಚಿತ ಮಾಡಿಕೊಳ್ಳಬೇಕು.

ಗ್ರೀಸ್ ಎಂದರೆ ಎಣ್ಣೆಯನ್ನು ಹೀರಿ ಹಿಡಿದುಕೊಂಡ ಸ್ಪಂಜು ಎಂದುಕೊಳ್ಳಿ. ಹೆಚ್ಚಿನ ಪಾಲು ಎಣ್ಣೆ. ಅದನ್ನು ಹಿಡಿದಿಡಲು ಲಿಥಿಯಂ, ಕ್ಯಾಲ್ಸಿಯಂ ಮುಂತಾದವುಗಳ ಸೋಪು, ಅಥವಾ ಸೋಪೇ ಅಲ್ಲದ ಪಾಲಿಯೂರಿಯಾ, ಜೇಡಿ. ಮೇಲಿಂದ ತುಕ್ಕು ತಡೆಯುವ, ಭಾರ ತಡೆಯುವ ಒಂದಿಷ್ಟು ಸೇರ್ಪಡೆ. ಜಾರಿಸುವ ಕೆಲಸ ಮುಖ್ಯವಾಗಿ ಎಣ್ಣೆಯದು, ಅದನ್ನು ಜಾಗದಲ್ಲಿ ನಿಲ್ಲಿಸುವುದು ಸ್ಪಂಜಿನ ಕೆಲಸ. ಎರಡು ಬೇರೆ ಜಾತಿಯ ಸ್ಪಂಜು ಬೆರೆತಾಗ ಒಂದು ಇನ್ನೊಂದನ್ನು ಒಡೆಯುವುದುಂಟು. ಆಗ ಹಿಡಿತ ಹೋಗಿ ಎಣ್ಣೆ ಸೋರುತ್ತದೆ, ಉಳಿದದ್ದು ಮಣ್ಣಿನ ಜತೆ ಸೇರಿ ಗಟ್ಟಿಯಾಗುತ್ತದೆ. ಕೆಲವು ಪಾಲಿಯೂರಿಯಾಗಳು ಲಿಥಿಯಂ ಜತೆ ಹೊಂದಿಕೊಳ್ಳುತ್ತವೆ, ಹಲವು ಹೊಂದುವುದಿಲ್ಲ. ಜೇಡಿಯ ಗ್ರೀಸಂತೂ ಬಹುಪಾಲು ಯಾವುದರ ಜತೆಗೂ ಸರಿಹೋಗದು.

ಇದನ್ನು ಕಣ್ಣಾರೆ ನೋಡಬೇಕೆನಿಸಿತು. ಗಾಜಿನ ಹಲಗೆಯ ಮೇಲೆ ಮೂರು ಗುಡ್ಡೆ ಇಟ್ಟೆ: ಹಳೆಯದು, ಹೊಸದು, ಎರಡೂ ಸಮಪಾಲು ಬೆರೆಸಿದ್ದು. ಮೂರನ್ನೂ ಪುಟ್ಟಿ ಚಾಕುವಿನಲ್ಲಿ ಐದೈದು ನಿಮಿಷ ಚೆನ್ನಾಗಿ ನಾದಿದೆ. ಪಿನ್ನಿನಲ್ಲಿ ಗ್ರೀಸ್ ಅರೆಯಲ್ಪಡುತ್ತದಲ್ಲ, ನಾದದೆ ಬರೀ ಬೆರೆಸಿಟ್ಟರೆ ಏನೂ ತಿಳಿಯುವುದಿಲ್ಲ. ಗಾಜನ್ನು ನೆಟ್ಟಗೆ ನಿಲ್ಲಿಸಿ ಬಿಸಿಲಿಗೆ ಕಾದ ತಗಡಿಗೆ ಒರಗಿಸಿಟ್ಟೆ. ಸಂಜೆಗೆ ನೋಡಿದರೆ ಮೊದಲೆರಡು ಕದಲಿರಲಿಲ್ಲ. ಬೆರೆಸಿದ್ದು ಗೇಣುದ್ದ ಜಾರಿ, ಸುತ್ತ ಎಣ್ಣೆಯ ಕಲೆ ಬಿಟ್ಟಿತ್ತು. ಪ್ರಯೋಗಾಲಯದಲ್ಲಿ ಇದನ್ನೇ 10:90, 50:50, 90:10 ಅಳತೆಯಲ್ಲಿ ಬೆರೆಸಿ ಪರೀಕ್ಷಿಸುತ್ತಾರೆ. ಶೆಡ್ಡಿನ ಪರೀಕ್ಷೆ ಅದಕ್ಕೆ ಸಮವಲ್ಲ, ಆದರೆ ನನ್ನ ಪಿನ್ನಿನ ಗತಿ ತಿಳಿಯಲು ಅಷ್ಟು ಸಾಕಾಯಿತು.

ಇನ್ನು ಆಯ್ಕೆಯ ವಿಷಯ. ‘ಯಾವ ಗ್ರೀಸ್ ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರ ಇಲ್ಲ ಎಂಬುದು ನನ್ನ ಅಭಿಪ್ರಾಯ. ಈ ಕೀಲು ಹೇಗೆ ಚಲಿಸುತ್ತದೆ, ಎಷ್ಟು ಭಾರ ಹೊರುತ್ತದೆ, ಎಷ್ಟು ನೆನೆಯುತ್ತದೆ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಬಕೆಟ್ ಪಿನ್ನು ಪೂರ್ತಿ ಸುತ್ತು ಹಾಕುವುದೇ ಇಲ್ಲ. ನಿಧಾನವಾಗಿ ಅರ್ಧ ಸುತ್ತಿಗೂ ಕಡಿಮೆ ಹೋಗಿ ಹಿಂದೆ ಬರುತ್ತದೆ, ಅದೂ ಬಕೆಟ್ಟಿನ ಪೂರ್ತಿ ಭಾರ ಹೊತ್ತು, ಗುದ್ದು ತಿಂದು. ವೇಗವಾಗಿ ತಿರುಗುವ ಬೇರಿಂಗಿನಲ್ಲಿ ಎಣ್ಣೆ ತಾನೇ ಉರುಳೆಯ ಕೆಳಗೆ ನುಗ್ಗಿ ಪದರ ಕಟ್ಟುತ್ತದೆ. ಇಷ್ಟು ನಿಧಾನದ ಪಿನ್ನಿನಲ್ಲಿ ಆ ಪದರ ಕಟ್ಟುವುದಿಲ್ಲ, ಲೋಹ ಲೋಹಕ್ಕೆ ತಾಗಿಯೇ ತೀರುತ್ತದೆ. ಆದ್ದರಿಂದ ಇಲ್ಲಿ ಮಂದವಾದ ಎಣ್ಣೆ ಬೇಕು, ಜತೆಗೆ ಲೋಹಗಳ ನಡುವೆ ಕೂರುವ ಘನವಸ್ತು ಬೇಕು.

ಎಣ್ಣೆಯ ಮಂದತೆಯನ್ನು ಐಎಸ್‌ಒ ವಿಜಿ ಅಂಕಿ ಹೇಳುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಲೆಕ್ಕ ಅದು. ಗಾಲಿ ಬೇರಿಂಗಿಗೆ 150ರಿಂದ 220 ಸರಿ, ಭಾರದ ಪಿನ್ನಿಗೆ 460 ಚೆಂದ. ಇದನ್ನೇ ಅದಲುಬದಲು ಮಾಡಿದರೆ ಎರಡೂ ಕೆಡುತ್ತವೆ: ತೆಳು ಎಣ್ಣೆ ಪಿನ್ನಿನ ಭಾರಕ್ಕೆ ಹಿಂಡಿ ಹೋಗುತ್ತದೆ, ಮಂದ ಎಣ್ಣೆ ವೇಗದ ಬೇರಿಂಗನ್ನು ಬಿಸಿ ಮಾಡುತ್ತದೆ.

ಬಹಳ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಡಬ್ಬಿಯ ಮೇಲಿನ ‘2’ ಎಂಬ ಅಂಕಿ ಎಣ್ಣೆಯ ಮಂದತೆಯಲ್ಲ, ಒಟ್ಟು ಗ್ರೀಸಿನ ಗಟ್ಟಿತನ. ಎನ್‌ಎಲ್‌ಜಿಐ ದರ್ಜೆ ಎನ್ನುತ್ತಾರೆ, 000ರಿಂದ 6ರವರೆಗೆ ಇದೆ. 25 ಡಿಗ್ರಿಯಲ್ಲಿ ಗ್ರೀಸನ್ನು 60 ಸಲ ಕಡೆದು, ಅದರ ಮೇಲೆ ಲೋಹದ ಶಂಕು ಬಿಟ್ಟು, 5 ಸೆಕೆಂಡಿನಲ್ಲಿ ಎಷ್ಟು ಇಳಿಯಿತು ಎಂದು ನೋಡುತ್ತಾರೆ. 26.5ರಿಂದ 29.5 ಮಿ.ಮೀ. ಇಳಿದರೆ 2ನೇ ದರ್ಜೆ. 31ರಿಂದ 34 ಇಳಿದರೆ 1, ಅದು ಸ್ವಲ್ಪ ಮೆತ್ತಗೆ. 00 ಎಂದರೆ ಸುರಿಯುವಷ್ಟು ತೆಳು. ಒಂದೇ 2ನೇ ದರ್ಜೆಯಲ್ಲಿ 100ರ ತೆಳು ಎಣ್ಣೆಯೂ ಇರಬಹುದು, 460ರ ಮಂದ ಎಣ್ಣೆಯೂ ಇರಬಹುದು. ಬೆರಳಲ್ಲಿ ಮುಟ್ಟಿದರೆ ಎರಡೂ ಒಂದೇ. ಹಾಗಾಗಿ ತಾಂತ್ರಿಕ ವಿವರದ ಹಾಳೆ ಓದದೆ ಈಗ ನಾನು ಡಬ್ಬಿ ತೆಗೆದುಕೊಳ್ಳುವುದಿಲ್ಲ.

ಕೆಲವು ಡಬ್ಬಿಗಳ ಮೇಲೆ ಕೆಪಿ2ಕೆ-30 ಎಂಬಂಥ ಗುರುತು ಇರುತ್ತದೆ. ಜರ್ಮನಿಯ ಡಿಐಎನ್ ಪದ್ಧತಿ ಇದು, ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಲ ‘ಕೆ’ ಬೇರಿಂಗ್ ಗ್ರೀಸ್ ಎಂದು, ‘ಪಿ’ ಭಾರ ತಡೆಯುವ ಸೇರ್ಪಡೆ ಇದೆ ಎಂದು, ‘2’ ಗಟ್ಟಿತನ, ನಂತರದ ‘ಕೆ’ ಮೇಲ್ಮಿತಿ 120 ಡಿಗ್ರಿ ಎಂದು, -30 ಕೆಳಮಿತಿ. ಆ ಜಾಗದಲ್ಲಿ ‘ಎನ್’ ಇದ್ದರೆ 140 ಡಿಗ್ರಿ. ‘ಪಿ’ ಆದಮೇಲೆ ‘ಎಫ್’ ಸೇರಿದ್ದರೆ ಮಾಲಿಬ್ಡಿನಂನಂಥ ಘನವಸ್ತು ಬೆರೆಸಿದ್ದಾರೆ. ಇನ್ನು ಕೆಲವು ಡಬ್ಬಿಗಳ ಮೇಲೆ ಜಿಸಿ-ಎಲ್‌ಬಿ ಎಂಬ ಮುದ್ರೆ ಕಾಣುತ್ತದೆ: ಜಿಸಿ ಗಾಲಿ ಬೇರಿಂಗಿನ ಅತ್ಯುತ್ತಮ ದರ್ಜೆ, ಎಲ್‌ಬಿ ಚಾಸಿಯ ಕೀಲುಗಳದ್ದು. ಟ್ರ್ಯಾಕ್ಟರಿನ ಬಹುತೇಕ ಜಾಗಕ್ಕೆ ಒಳ್ಳೆಯ ಮುದ್ರೆಯೇ. ಗುದ್ದು ತಿನ್ನುವ ಲೋಡರ್ ಪಿನ್ನಿಗೆ ಅದೊಂದನ್ನೇ ನೋಡಿ ಆರಿಸುವುದು ನನಗೆ ಒಪ್ಪಿಗೆಯಿಲ್ಲ.

ಡ್ರಾಪಿಂಗ್ ಪಾಯಿಂಟ್, ಅಂದರೆ ಗ್ರೀಸ್ ಕರಗಿ ತೊಟ್ಟಿಕ್ಕುವ ಬಿಸಿ, ಅದನ್ನೇ ದೊಡ್ಡದಾಗಿ ಬರೆದಿರುತ್ತಾರೆ. ಸಾದಾ ಲಿಥಿಯಂಗೆ ಸುಮಾರು 190 ಡಿಗ್ರಿ, ಲಿಥಿಯಂ ಕಾಂಪ್ಲೆಕ್ಸಿಗೆ 250 ದಾಟುತ್ತದೆ. ಕೆಲಸ ಮಾಡುವ ಮಿತಿ ಅದಕ್ಕಿಂತ ಬಹಳ ಕೆಳಗೆ. ಬಕೆಟ್ ಪಿನ್ನು ಕೈ ಮುಟ್ಟಲಾಗದಷ್ಟು ಬಿಸಿಯಾಗುವುದೇ ಅಪರೂಪ, ಅಲ್ಲಿ ಈ ಅಂಕಿಗೆ ಬೆಲೆಯಿಲ್ಲ. ನೀರನ್ನು ತಡೆಯುವುದು ಮುಖ್ಯ.

ನೀರಿನ ಪರೀಕ್ಷೆಯನ್ನೂ ಮಾಡಿದೆ. ಉಕ್ಕಿನ ತಗಡಿನ ಮೇಲೆ ಎರಡು ಗ್ರೀಸನ್ನು ತೆಳ್ಳಗೆ ಸವರಿ, ಒಂದೇ ನಲ್ಲಿಯ ಕೆಳಗೆ ಹತ್ತು ಹತ್ತು ನಿಮಿಷ ಹಿಡಿದೆ. ನನ್ನ ಲಿಥಿಯಂ ಗ್ರೀಸಿನ ಅಂಚು ಹಾಲಿನ ಬಣ್ಣಕ್ಕೆ ತಿರುಗಿ ಒರೆಸಿದರೆ ಎದ್ದುಬಂತು. ಕ್ಯಾಲ್ಸಿಯಂ ಸಲ್ಫೊನೇಟ್ ಕಾಂಪ್ಲೆಕ್ಸ್ ಗ್ರೀಸ್ ಅಂಟಿಕೊಂಡೇ ಇತ್ತು, ಉಗುರಿನಲ್ಲಿ ಕೆರೆಯಬೇಕಾಯಿತು. ಈ ಜಾತಿಯ ಗ್ರೀಸಿಗೆ ನೀರು ಮತ್ತು ತುಕ್ಕು ತಡೆಯುವ ಗುಣ ಅದರ ಸ್ಪಂಜಿನಲ್ಲೇ ಇದೆ, ಭಾರ ತಡೆಯುವ ಗುಣವೂ ಅಷ್ಟೆ. ಗೊಬ್ಬರದ ರಸ ಉಕ್ಕನ್ನು ತಿನ್ನುವ ವಸ್ತು, ಅದರಲ್ಲೇ ದಿನವಿಡೀ ಮುಳುಗೇಳುವ ಪಿನ್ನಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಆರಿಸಿದ್ದು: ಕ್ಯಾಲ್ಸಿಯಂ ಸಲ್ಫೊನೇಟ್ ಕಾಂಪ್ಲೆಕ್ಸ್, 2ನೇ ದರ್ಜೆ, 460 ಎಣ್ಣೆ, 3% ಮಾಲಿಬ್ಡಿನಂ. ಒಣ ಮಣ್ಣು, ಜಲ್ಲಿ ಎತ್ತುವ ಕೆಲಸವೇ ಹೆಚ್ಚಿದ್ದರೆ 3ರಿಂದ 5% ಮಾಲಿಬ್ಡಿನಂ ಇರುವ ಲಿಥಿಯಂ ಕಾಂಪ್ಲೆಕ್ಸ್ ಸಾಕಾಗುತ್ತಿತ್ತು.

ಈಗ ದುರಸ್ತಿ. ಹಳೆಯ ಬುಷ್ಷನ್ನು ಒಳಗಿನಿಂದ ಉದ್ದಕ್ಕೆ ಸೀಳಿ ತೆಗೆದೆ. ಬುಷ್ ಕೂರುವ ಹೊರಗಿನ ಮನೆಗೆ ಬ್ಲೇಡು ತಾಗದಂತೆ ಕೊನೆಯ ಪದರವನ್ನು ಉಳಿಯಲ್ಲಿ ಮುರಿದದ್ದು. ಹೊಸ ಬುಷ್ಷಿನ ಹೊರ ವ್ಯಾಸ 55 ಮಿ.ಮೀ., ಮನೆಗಿಂತ 0.05 ಮಿ.ಮೀ. ದಪ್ಪ. ಬಡಿದು ಕೂರಿಸಿದರೆ ಬಾಯಿ ಮಡಚುತ್ತದೆ ಎಂದು ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟೆ. ಮೈನಸ್ 18 ಡಿಗ್ರಿಗೆ ಇಳಿದರೆ ಇಷ್ಟು ವ್ಯಾಸದ ಉಕ್ಕು ಸುಮಾರು 0.025 ಮಿ.ಮೀ. ಕುಗ್ಗುತ್ತದೆ. ಅದೊಂದೇ ಸಾಲದು. ಸುತ್ತಲ ಸೀಲು, ಪೈಪುಗಳಿಗೆ ಒದ್ದೆ ಬಟ್ಟೆ ಸುತ್ತಿ ಮನೆಯನ್ನು 100 ಡಿಗ್ರಿಯವರೆಗೆ ಕಾಯಿಸಿದೆ, ಅಲ್ಲಿ ಇನ್ನೂ 0.05 ಹಿಗ್ಗಿತು. ಎರಡೂ ಸೇರಿ ಬುಷ್ ಕೈಯಲ್ಲೇ ಜಾರಿ ಕೂತಿತು. ಕೂರಿಸಲು ಸಿಗುವುದು ಕೆಲವೇ ಸೆಕೆಂಡು. ಆದ್ದರಿಂದ ಬುಷ್ಷಿನ ಗ್ರೀಸ್ ತೂತು ಗನ್ ಹಚ್ಚುವ ನಿಪ್ಪಲ್ಲಿನ ತೂತಿಗೆ ಸರಿಯಾಗಿ ಬರುವಂತೆ ಮೊದಲೇ ಸೀಮೆಸುಣ್ಣದ ಗೆರೆ ಎಳೆದಿಟ್ಟುಕೊಂಡಿದ್ದೆ. ಈ ಗೆರೆ ಮರೆತು ತೂತು ತಪ್ಪಿದರೆ ಎಷ್ಟು ಒಳ್ಳೆಯ ಗ್ರೀಸ್ ತಂದರೂ ಒಳಗೆ ಹೋಗುವುದಿಲ್ಲ.

ಪಿನ್ನು ಹಾಕುವ ಮುಂಚೆಯೇ ಗನ್ ಹಚ್ಚಿ ಹೊಡೆದೆ. ಬುಷ್ಷಿನ ತೋಡಿನಲ್ಲಿ ಎರಡೂ ಕಡೆಗೆ ಗ್ರೀಸ್ ಹರಿಯುವುದನ್ನು ಕಣ್ಣಲ್ಲಿ ನೋಡಿದ ಮೇಲೆಯೇ ಪಿನ್ನಿಗೆ ಅದೇ ಗ್ರೀಸ್ ಸವರಿ ತೂರಿಸಿದ್ದು. ಜೋಡಣೆಗೆ ಬೇರೆ ಪೇಸ್ಟ್ ಬಳಸಲಿಲ್ಲ, ಬೆರಕೆಯಿಂದಲೇ ಇಷ್ಟೆಲ್ಲ ಆಗಿತ್ತಲ್ಲ. ಪಕ್ಕದ ಸಂದಿಗೆ ವಾಷರ್ ಕೊಟ್ಟು ಅರ್ಧ ಮಿ.ಮೀ. ಮಾತ್ರ ಬಿಟ್ಟೆ.

ಉಳಿದ ಪಿನ್ನುಗಳನ್ನು ಬಿಚ್ಚಲಿಲ್ಲ. ಬಕೆಟ್ ನೆಲಕ್ಕಿಟ್ಟು ಭಾರ ತೆಗೆದು, ಹಳೆಯ ಬಣ್ಣ ಪೂರ್ತಿ ಹೋಗಿ ಹೊಸ ಬೂದು ಗ್ರೀಸ್ ಎರಡೂ ಅಂಚಲ್ಲಿ ಬರುವವರೆಗೆ ಹೊಡೆದೆ. ನಡುನಡುವೆ ಬಕೆಟ್ ಆಡಿಸಿ, ಮತ್ತೆ ನೆಲಕ್ಕಿಟ್ಟು ಹೊಡೆದೆ. ಭಾರ ಹೊತ್ತ ಪಿನ್ನು ಬುಷ್ಷಿಗೆ ಒಂದು ಕಡೆ ಒತ್ತಿಕೊಂಡಿರುತ್ತದೆ, ಗ್ರೀಸ್ ಬೇಕಾದ ಆ ಕಡೆಗೇ ಹೋಗುವುದಿಲ್ಲ. ಎರಡು ನಿಪ್ಪಲ್ ಕಟ್ಟಿಕೊಂಡಿದ್ದವು, ಅವನ್ನು ಬಿಚ್ಚಿ ಬೇರೆ ಹಾಕಿದೆ. ಕಟ್ಟಿದ ನಿಪ್ಪಲ್ಲಿನ ಮೇಲೆ ಗನ್ ಒತ್ತುತ್ತಾ ಹೋಗಬೇಡಿ. ಕೈಗನ್ನಿನಲ್ಲೇ ನೂರಾರು ಬಾರ್ ಒತ್ತಡ ಏರುತ್ತದೆ. ಪೈಪು ಸೀಳಿ ಗ್ರೀಸ್ ಚರ್ಮದೊಳಗೆ ಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲು ಇರದಿರಬಹುದು. ಆದರೆ ಗಂಟೆಗಳಲ್ಲಿ ಬೆರಳು ಕಳೆದುಕೊಳ್ಳುವ ಅಪಾಯ ಅದು. ತಡಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದಲ್ಲಿ ಗ್ರೀಸ್ ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಗನ್ನಿನ ಪೈಪನ್ನು ಅದರ ಸ್ಪ್ರಿಂಗ್ ಕವಚ ಇರುವ ಕಡೆಯೇ ಹಿಡಿಯಿರಿ.

ಎಷ್ಟು ಹೊಡೆಯಬೇಕು ಎಂಬುದಕ್ಕೂ ಒಂದು ಲೆಕ್ಕ ಇಟ್ಟುಕೊಂಡೆ. ತಕ್ಕಡಿಯ ಮೇಲೆ ಕಾಗದ ಹಾಸಿ ಹತ್ತು ಸಲ ಒತ್ತಿದರೆ 12 ಗ್ರಾಂ ಬಂತು, ಅಂದರೆ ಒತ್ತಿಗೆ 1.2. ನನ್ನ ಬುಷ್ 80 ಮಿ.ಮೀ. ಉದ್ದ. ಹೊಸದರಲ್ಲಿ ಪಿನ್ನಿಗೂ ಬುಷ್ಷಿಗೂ 0.3 ಮಿ.ಮೀ. ಸಂದು, ತೋಡು ಬಿಟ್ಟರೆ ಅದರಲ್ಲಿ ಹಿಡಿಸುವುದು ಎರಡು ಸಿಸಿಗೂ ಕಡಿಮೆ. ಸವೆದ ಜೋಡಿಯಲ್ಲಿ ಸಂದು 3.4 ಆಗಿತ್ತು, ಸುತ್ತಲೂ ಅಷ್ಟೇ ಸವೆದಿದ್ದರೆ 19 ಸಿಸಿ ಬೇಕಾಗುತ್ತಿತ್ತು. ಯಾವುದಾದರೂ ಪಿನ್ನು ಇದ್ದಕ್ಕಿದ್ದಂತೆ ಹೆಚ್ಚು ಗ್ರೀಸ್ ತಿನ್ನತೊಡಗಿದರೆ ಅದು ಸವೆಯುತ್ತಿದೆ ಎಂದೇ ಲೆಕ್ಕ.

ಮಾಲಿಬ್ಡಿನಂ ಗ್ರೀಸ್ ತಂದ ಖುಷಿಯಲ್ಲಿ ಅದನ್ನೇ ಎಲ್ಲ ಕಡೆ ಹೊಡೆಯಲು ಹೋಗಲಿಲ್ಲ. ಮುಂದಿನ ಗಾಲಿಯ ಬೇರಿಂಗಿನಲ್ಲಿ ಉರುಳೆ ಉರುಳಬೇಕು. ಮಂದ ಎಣ್ಣೆ, ಹೆಚ್ಚು ಮಾಲಿಬ್ಡಿನಂ ಇದ್ದರೆ ಉರುಳುವ ಬದಲು ಜಾರುವ ಸಾಧ್ಯತೆ ಇದೆ. ಅಲ್ಲಿಗೆ 220 ಎಣ್ಣೆಯ ಲಿಥಿಯಂ ಕಾಂಪ್ಲೆಕ್ಸನ್ನೇ ಉಳಿಸಿಕೊಂಡೆ. ಬಿಚ್ಚಿ ತೊಳೆದು, ಒಣಗಿಸಿ, ಉರುಳೆಗಳ ನಡುವೆ ಅಂಗೈಯಿಂದ ಒತ್ತಿ ತುಂಬಿ, ಗಾಲಿಯ ನಡುವಿನ ಹಬ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಪಾಲು ಮಾತ್ರ ಹಾಕಿದೆ. ಪೂರ್ತಿ ತುಂಬಿದರೆ ಕಡೆದು ಬಿಸಿಯಾಗಿ ಸೀಲು ಒಡೆಯುತ್ತದೆ. ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ಪಿಟಿಒ ಶಾಫ್ಟಿನ ಕ್ರಾಸಿಗೂ (ನಾಲ್ಕು ಬಟ್ಟಲಿನ ಕೀಲು) ಇದೇ ಗ್ರೀಸ್, ನಾಲ್ಕೂ ಬಟ್ಟಲಿನ ಬಾಯಲ್ಲಿ ಬರುವವರೆಗೆ. ಒಂದರಲ್ಲಿ ಬಾರದಿದ್ದರೆ ಶಾಫ್ಟನ್ನು ಅಲುಗಾಡಿಸಿ ಮತ್ತೆ ಹೊಡೆಯಬೇಕು, ಆ ಒಂದೇ ಬಟ್ಟಲು ಮೊದಲು ಹೋಗುವುದು. ಎಂಜಿನ್ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಇದಕ್ಕೆ ಕೈ ಹಾಕಿ. ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಕಿಂಗ್‌ಪಿನ್ನಿಗೆ ಆಕ್ಸಲನ್ನು ಜಾಕಿನಲ್ಲಿ ಎತ್ತಿ ಹೊಡೆದೆ. ಗಾಲಿ ನೆಲದ ಮೇಲಿದ್ದರೆ ಭಾರ ಕೂರುವ ಸಂದಿಯೇ ಮುಚ್ಚಿರುತ್ತದೆ. 00 ದರ್ಜೆ ಎಂದು ಬರೆದ ಗೇರ್‌ಬಾಕ್ಸಿಗೆ 2ನೇ ದರ್ಜೆ ತುಂಬಿದರೆ ಹಲ್ಲು ಗ್ರೀಸಿನಲ್ಲಿ ಗುಳಿ ಕೊರೆದುಕೊಂಡು ಒಣಗಾಗಿ ತಿರುಗುತ್ತದೆ, ಅದು ವಾಪಸ್ಸು ಹರಿದು ಬರುವುದಿಲ್ಲ.

ಈಗ ಗನ್ ಎರಡು. ಪಿನ್ನಿನ ಗನ್ನಿಗೆ ಕಪ್ಪು ಟೇಪು, ಬೇರಿಂಗಿನ ಗನ್ನಿಗೆ ಕೆಂಪು. ಆಯಾ ನಿಪ್ಪಲ್ಲುಗಳ ಪಕ್ಕದಲ್ಲೂ ಅದೇ ಬಣ್ಣದ ಚುಕ್ಕೆ. ಒರೆಸುವ ಬಟ್ಟೆ ಗನ್ನಿನ ಜತೆಗೇ ಕಟ್ಟಿದೆ. ನಿಪ್ಪಲ್ ಒರೆಸದೆ ಹೊಡೆದರೆ ಮೊದಲು ಒಳಹೋಗುವುದು ಮರಳು. ಹೊಡೆದ ಮೇಲೆ ಪಿನ್ನಿನ ಅಂಚಿನಲ್ಲಿ ನಿಂತ ಗ್ರೀಸನ್ನು ಒರೆಸುವುದಿಲ್ಲ, ಅದೇ ಹೊರಗಿನ ಕೆಸರಿಗೆ ಬೇಲಿ. ನಿಪ್ಪಲ್ಲಿನ ಮೇಲೆ ಉಳಿದದ್ದನ್ನು ಮಾತ್ರ ಒರೆಸುತ್ತೇನೆ.

3,462 ಗಂಟೆ: ಸದ್ದಿಲ್ಲ. ಎರಡೂ ಅಂಚಲ್ಲಿ ಬೂದು ಗ್ರೀಸ್ ಸಮನಾಗಿ ಬರುತ್ತಿದೆ. ಎರಡೇ ಒತ್ತು ಸಾಕು.

3,665 ಗಂಟೆ: ಪಿನ್ನು ಹೊರಗೆ ತೆಗೆದು ಅಳೆದೆ. ಸವೆತ 0.02 ಮಿ.ಮೀ., ಮೈಯೆಲ್ಲ ಒಂದೇ ಸಮನೆ ಕಪ್ಪು ಹೊಳಪು. ಒಳತುದಿಯಲ್ಲೂ ಗ್ರೀಸ್ ಇತ್ತು, ಬೆರಳಿಗೆ ಮೆತ್ತಗೆ ಹತ್ತಿತು. ಎಡತೋಳಿನ ಮೇಲಿನ ಪಿನ್ನಿನಲ್ಲಿ ಮಾತ್ರ ಹೊರ ಅಂಚಿನಲ್ಲಷ್ಟೇ ಗ್ರೀಸ್ ಬರುತ್ತಿದೆ. ಅಲ್ಲೂ ಹಳೆಯ ಗಸಿ ಉಳಿದಿರಬೇಕು. ಬುಷ್ ಮತ್ತು ಪಿನ್ನು ತಂದಿಟ್ಟಿದ್ದೇನೆ, ಈ ವಾರ ಅದನ್ನು ಬಿಚ್ಚುತ್ತೇನೆ.